ನಾಲ್ಕು ಇಂಚಿನ ಚಪ್ಪಡಿ

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಎಂಟನೇ ಕ್ಲಾಸಿನ ಅರ್ಧ ವರ್ಷದ ಪರೀಕ್ಷೆ ಆದಮೇಲೆ. ಬಡತನಕ್ಕೆ ಬಿಟ್ಟೆ ಅಂದರೆ ಕೇಳುವವರಿಗೆ ಸಮಾಧಾನ, ಆದರೆ ಅದು ಸುಳ್ಳು. ಲೆಕ್ಕದಲ್ಲಿ ನನ್ನ ಉತ್ತರಗಳೆಲ್ಲ ಸರಿ ಬಂದಿದ್ದವು. ಅದಕ್ಕೇ ಮೇಷ್ಟ್ರು ಕಾಪಿ ಹೊಡೆದಿದ್ದೀಯ ಅಂದರು. ಇಲ್ಲ ಸಾರ್ ಅಂದೆ. ಎಲ್ಲರ ಮುಂದೆ ತಪ್ಪಾಯ್ತು ಅನ್ನು ಅಂದರು. ಚೀಲ ಎತ್ತಿಕೊಂಡು ಮನೆಗೆ ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ನಮ್ಮದು ಪೀಣ್ಯದ ಅಂಚಿನ ಹಳೇ ಊರು. ಹಿತ್ತಲ ಬೇಲಿ ದಾಟಿದರೆ ಫ್ಯಾಕ್ಟರಿ ಗೋಡೆ. ಗೋಡೆಯ ಆ ಕಡೆ ಕೆಲಸ ಸಿಕ್ಕಿತು, ಲೇತ್ ಮಷೀನು ಕಲಿತೆ. ಹನ್ನೊಂದು ವರ್ಷ ಬೇರೆಯವರ ಶೆಡ್ಡಿನಲ್ಲಿ ದುಡಿದು ಆಮೇಲೆ ನನ್ನದೇ ಶೆಡ್ಡು ಹಾಕಿದೆ. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು. ಪಂಪ್‌ಸೆಟ್ಟಿನ ಒಳಗೆ ಕೂರುವ, ಬಳೆಯಂಥ ಲೋಹದ ಬುಷ್ಷು ನಮ್ಮ ಮುಖ್ಯ ಕೆಲಸ. ಒಂದು ಕೂದಲನ್ನು ಐದಾಗಿ ಸೀಳಿದರೆ ಬರುವ ದಪ್ಪವಿದೆಯಲ್ಲ, ಅಷ್ಟು ಹೆಚ್ಚುಕಮ್ಮಿಯಾದರೂ ಆ ಬುಷ್ಷು ಗುಜರಿಗೆ. ಇದನ್ನು ಯಾವ ಸ್ಕೂಲಿನಲ್ಲೂ ಕಲಿಯಲಿಲ್ಲ, ಯಾರದನ್ನೂ ನೋಡಿ ಬರೆಯಲೂ ಇಲ್ಲ.

ಇಷ್ಟು ಹೇಳಿದ್ದು ಜಂಬಕ್ಕೆ ಅಂದುಕೊಂಡರೆ ಅಂದುಕೊಳ್ಳಿ. ವಿಷಯ ವೋಟಿನದು. ಕಡಿಮೆ ಓದಿದವನ ವೋಟು ಯಾರದೋ ಜೇಬಿನಲ್ಲಿರುತ್ತೆ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಚುನಾವಣೆ ಬಂತೆಂದರೆ ಪಕ್ಷದ ಹುಡುಗರು ಮತದಾರರ ಪಟ್ಟಿ ಹಿಡಿದು ಬೀದಿ ಬೀದಿ ತಿರುಗುತ್ತಾರೆ, ಮನೆ ಮನೆಗೂ ಗುರುತು ಹಾಕುತ್ತಾರೆ. ನಮ್ಮೋರಿಗೆ ಟಿಕ್ಕು, ಅವರ ಕಡೆಯವರಿಗೆ ಗುಣಾಕಾರ. ನಮ್ಮ ಮನೆ ಎದುರಿಗೆ ಮೂವತ್ತು ವರ್ಷದಿಂದ ಎರಡೂ ಪಟ್ಟಿಯಲ್ಲಿ ಪ್ರಶ್ನೆ ಗುರುತು. ಒಂದು ಸಲ ಇವರಿಗೆ ಹಾಕಿದ್ದೇನೆ, ಇನ್ನೊಂದು ಸಲ ಅವರಿಗೆ. ದೆಹಲಿಗೆ ಒಬ್ಬರು, ಇಲ್ಲಿಗೆ ಇನ್ನೊಬ್ಬರು ಅಂತಲೂ ಹಾಕಿದ್ದುಂಟು. ಯಾರಿಗೆ ಅಂತ ಮನೆಯಲ್ಲೂ ಹೇಳಿದವನಲ್ಲ.

ನನ್ನ ಹೆಂಡತಿಯ ತಮ್ಮ ಒಂದು ಪಕ್ಷಕ್ಕೆ ದುಡಿಯುತ್ತಾನೆ. ಅವನಿಗೆ ನನ್ನ ಈ ಬುದ್ಧಿ ಕಂಡರಾಗದು. ಭಾನುವಾರ ಊಟಕ್ಕೆ ಬಂದರೆ ಅದೇ ಮಾತು.

"ಭಾವ, ಡಿವೈಡರ್ ಮೇಲೆ ನಿಂತೋನಿಗೆ ಯಾವ ಬಸ್ಸೂ ನಿಲ್ಸಲ್ಲ ಕಣ್ರೀ."

"ನಾನು ಬಸ್ಸಿಗೆ ನಿಂತಿಲ್ಲ ಮಾರಾಯ. ರೋಡು ದಾಟೋಕೆ ನಿಂತಿದೀನಿ."

"ಮೂವತ್ತು ವರ್ಷದಿಂದ ದಾಟ್ತಾನೇ ಇದೀರ."

ಕಳೆದ ವಿಧಾನಸಭೆ ಚುನಾವಣೆಗೆ ನಮ್ಮಲ್ಲಿ ಲೆಕ್ಕಕ್ಕೆ ಬರುವವರು ಮೂವರು ನಿಂತಿದ್ದರು. ಒಬ್ಬರು ಆಗಿನ ಶಾಸಕರು. ಇನ್ನೊಬ್ಬರು ಅವರಿಗೂ ಮೊದಲು ಶಾಸಕರಾಗಿದ್ದ ಮಾಜಿ. ಬಾಮೈದ ದುಡಿಯುತ್ತಿದ್ದುದು ಇವರಿಗೆ. ಮೂರನೆಯವರು ಜಾಲಹಳ್ಳಿ ಕಡೆಯ ಒಬ್ಬ ರಿಟೈರ್ಡ್ ಆಫೀಸರು, ಪಕ್ಷೇತರ. ನನಗೆ ಮೂವರ ಮೇಲೂ ಅನುಮಾನ. ಶಾಸಕರ ಕಡೆಯವರು ಎಷ್ಟು ಕೆಲಸ ಆಗಿದೆ ಅಂತ ಬಣ್ಣದ ಪುಸ್ತಕ ಅಚ್ಚು ಹಾಕಿಸಿ ಹಂಚಿದರು. ಮಾಜಿ ಕಡೆಯವರು ಅದರಲ್ಲಿ ಒಂದಕ್ಷರವೂ ನಿಜ ಅಲ್ಲ ಅಂತ ಇನ್ನೊಂದು ಪುಸ್ತಕ ಹಂಚಿದರು. ಎರಡರ ಕಾಗದವೂ ಒಂದೇ ಥರ ಇತ್ತು. ಒಂದೇ ಪ್ರೆಸ್ಸಿನಲ್ಲಿ ಆಗಿರಬೇಕು ಅಂತ ಈಗಲೂ ನನ್ನ ಅನುಮಾನ.

ಮಾತು ಕೇಳಿ ತೀರ್ಮಾನ ಮಾಡುವುದು ನನ್ನ ಕಸುಬಲ್ಲ. ಒಂದು ಭಾನುವಾರ ಬೆಳಿಗ್ಗೆ ಟೇಪು ತಗೊಂಡು ಸ್ಕೂಟರು ಹತ್ತಿದೆ. ಬರೆದುಕೊಳ್ಳೋಕೆ ಗೆರೆ ಹಾಕಿದ ಕಾಗದ ಬೇಕಿತ್ತು. ಶೆಡ್ಡಿನಲ್ಲಿ ಇದ್ದದ್ದು ಇನ್‌ಸ್ಪೆಕ್ಷನ್ ರಿಪೋರ್ಟಿನ ಫಾರಮ್ಮು, ಒಂದು ಹಾಳೆ ಹರಿದುಕೊಂಡೆ. ಬುಷ್ಷು ಕಳಿಸುವಾಗ ಪ್ರತಿ ಡಬ್ಬಕ್ಕೂ ಇಂಥದ್ದೊಂದು ಹಾಕಬೇಕು: ಡ್ರಾಯಿಂಗಿನಲ್ಲಿ ಎಷ್ಟು ಹೇಳಿದೆ, ಅಳೆದಾಗ ಎಷ್ಟು ಸಿಕ್ಕಿತು, ಓಕೆಯೋ, ರೀವರ್ಕೋ, ರಿಜೆಕ್ಟೋ. ಕೆಳಗೆ ಚೆಕ್ ಮಾಡಿದವನ ಸಹಿ. ಮೂವರು ಹೇಳಿಕೊಂಡದ್ದನ್ನೂ ಈ ಫಾರಮ್ಮಿನಲ್ಲೇ ಬರೆದರೆ ಆಯ್ತು ಅಂದುಕೊಂಡೆ.

ಶಾಸಕರು ಸರ್ಕಾರಿ ಶಾಲೆಗೆ ಎರಡು ಕೋಣೆ ಕಟ್ಟಿಸಿದ್ದೀನಿ ಅಂದಿದ್ದರು. ಎರಡೂ ಇದ್ದವು, ಗೋಡೆ ಲಂಬ ಇತ್ತು. ಓಕೆ. ಮೇಲಿನ ಬೀದಿಗೆ ದಿನ ಬಿಟ್ಟು ದಿನ ನೀರು ಅಂದಿದ್ದರು. ನಾಲ್ಕು ಮನೆಯಲ್ಲಿ ಕೇಳಿದೆ, ನಾಲ್ವರೂ ಬರುತ್ತೆ ಅಂದರು. ಒಬ್ಬ ಅಜ್ಜಿ ಮಾತ್ರ ನನ್ನನ್ನು ನೀರಿನ ಆಫೀಸಿನವನು ಅಂದುಕೊಂಡು, ಬರೋದು ಸರಿ, ಬೆಳ್ಳಂಬೆಳಿಗ್ಗೆ ಯಾಕೆ ಬರಬೇಕು ಅಂತ ತರಾಟೆಗೆ ತಗೊಂಡಳು. ಓಕೆ ಬರೆದೆ. ಮೂರನೆಯದು ಚರಂಡಿ. ಮುಚ್ಚಿದ ಚಪ್ಪಡಿ ಆರು ಇಂಚು ದಪ್ಪ ಅಂತ ಪುಸ್ತಕದಲ್ಲೂ ಇತ್ತು, ರಸ್ತೆ ಬದಿಯ ಬೋರ್ಡಿನಲ್ಲೂ ಇತ್ತು. ಬಸ್‌ಸ್ಟಾಪಿನ ಹತ್ತಿರ ಅಳೆದೆ, ಆರು. ಒಳಗಿನ ಅಡ್ಡರಸ್ತೆಗೆ ಹೋಗಿ ಮುರಿದ ಅಂಚಿಗೆ ಟೇಪು ಹಿಡಿದೆ. ನಾಲ್ಕು. ಇನ್ನೂ ಮೂರು ಕಡೆ ನೋಡಿದೆ, ಎಲ್ಲ ಕಡೆಯೂ ನಾಲ್ಕೇ. ಜನ ಓಡಾಡುವ ಕಡೆ ಆರು, ಕಣ್ಣು ಬೀಳದ ಕಡೆ ನಾಲ್ಕು. ರೀವರ್ಕ್ ಅಂತ ಬರೆದೆ.

ಮಾಜಿಯವರು ತಮ್ಮ ಕಾಲದಲ್ಲಿ ಮಾಡಿದ ಆರೋಗ್ಯ ಕೇಂದ್ರ ಇತ್ತು. ಮಾರನೇ ದಿನ ಅರ್ಧ ಗಂಟೆ ಅಲ್ಲಿ ಬೆಂಚಿನ ಮೇಲೆ ಕೂತೆ, ಡಾಕ್ಟರು ಬಂದರು, ಬಂದವರನ್ನೆಲ್ಲ ನೋಡಿದರು. ಓಕೆ. ಅವರು ಹೇಳಿಕೊಂಡಿದ್ದ ಪಾರ್ಕಿನಲ್ಲಿ ಅವರ ಸಂಬಂಧಿಕರೊಬ್ಬರ ಕಾರುಗಳು ನಿಂತಿದ್ದವು. ರಿಜೆಕ್ಟ್. ಫುಟ್‌ಪಾತು ಹಾಕಿಸಿದ್ದೀನಿ ಅಂದಿದ್ದರು. ಹುಡುಕಿದೆ, ಸಿಗಲಿಲ್ಲ. ಪಕ್ಷೇತರರು ಕಾಗದದ ಮೇಲೆ ಬಹಳ ಚೆನ್ನಾಗಿದ್ದರು. ಆದರೆ ಅಳೆಯೋಕೆ ಅವರು ಮಾಡಿದ್ದು ಏನೂ ಇರಲಿಲ್ಲ. ಜಾಬ್ ಬಂದಿಲ್ಲ, ಅಂದರೆ ಚೆಕ್ ಮಾಡೋಕೆ ಮಾಲೇ ಬಂದಿಲ್ಲ, ಅಂತ ಬರೆದೆ.

ಸೋಮವಾರ ಮಧ್ಯಾಹ್ನ ಶೆಡ್ಡಿನ ಟೇಬಲ್ಲಿನಲ್ಲಿ ಕೂತು ಹಾಳೆ ಪೂರ್ತಿ ಮಾಡಿದೆ. ಲೆಕ್ಕ ಹಾಕಿದರೆ ಶಾಸಕರೇ ಸ್ವಲ್ಪ ಮುಂದಿದ್ದರು. ಪೂರ್ತಿ ಪಾಸಲ್ಲ, ಆದರೆ ಮೂವರಲ್ಲಿ ಅವರೇ. ಮನಸ್ಸು ಅಲ್ಲಿಗೆ ನಿಂತಿತು. ಫಾರಮ್ಮು ತುಂಬಿದ ಕೈ ಅಭ್ಯಾಸದಂತೆ ಕೆಳಗೆ ಸಹಿಯನ್ನೂ ಹಾಕಿಬಿಟ್ಟಿತು. ಅಷ್ಟರಲ್ಲಿ ಎರಡನೇ ಲೇತಿನ ಬೆಲ್ಟು ಕಿತ್ತುಬಂತು, ಎದ್ದು ಹೋದೆ.

ನಮ್ಮಲ್ಲಿ ಚೆಕಿಂಗು, ಪ್ಯಾಕಿಂಗು ಎರಡೂ ನೋಡಿಕೊಳ್ಳುವ ಒಬ್ಬ ಅಕ್ಕ ಇದ್ದಾರೆ. ಹೊಸೂರಿನ ಆಚೆಯವರು, ಕನ್ನಡ ಮಾತು ಬರುತ್ತೆ, ಅಕ್ಷರ ಬರಲ್ಲ. ಅಂಕಿಯಲ್ಲಿ ಮಾತ್ರ ಅವರನ್ನು ಯಾರೂ ಏಮಾರಿಸೋಕಾಗಲ್ಲ. ಸಾಯಂಕಾಲ ಫ್ಯಾಕ್ಟರಿಯ ಗಾಡಿ ಬಂದು ಡಬ್ಬ ತಗೊಂಡು ಹೋಯಿತು. ಆಮೇಲೆ ಟೇಬಲ್ ನೋಡುತ್ತೇನೆ, ಬುಷ್ಷಿನ ರಿಪೋರ್ಟು ಅಲ್ಲೇ ಇದೆ, ನನ್ನ ಹಾಳೆ ಇಲ್ಲ.

ಆ ಡಬ್ಬ ಹೋದದ್ದು ಯಾವ ಫ್ಯಾಕ್ಟರಿಗೆ ಅನ್ನೋದನ್ನು ಈಗ ಹೇಳಬೇಕು. ನಮ್ಮ ಮುಕ್ಕಾಲು ಪಾಲು ಕೆಲಸ ಕೊಡುತ್ತಿದ್ದ ಪಂಪಿನ ಫ್ಯಾಕ್ಟರಿಗೆ. ಅದರ ಮಾಲೀಕರು ಶಾಸಕರ ಹೆಂಡತಿಯ ತಮ್ಮ.

ಮೊದಲು ಅನುಮಾನ ಬಂದದ್ದು ಅಕ್ಕನ ಮೇಲೆ. ಅವರು ಬಾಡಿಗೆಗಿರುವ ಮನೆ ಒಬ್ಬ ಪಕ್ಷದವನದು. ಒಂಬತ್ತು ವರ್ಷ ಜೊತೆಗೆ ಕೆಲಸ ಮಾಡಿದವರು ಅನ್ನೋದು ಆ ಹೊತ್ತಿಗೆ ನೆನಪಾಗಲಿಲ್ಲ. ನೇರ ಕೇಳದೆ, ಟೇಬಲ್ ಮೇಲಿನ ಕಾಗದ ಯಾರಾದ್ರೂ ಕೇಳಿದ್ರಾ ಅಂತ ಬಳಸಿ ಬಳಸಿ ಕೇಳಿದೆ. ಅವರಿಗೆ ಅರ್ಥವಾಯಿತು. ಕೈಯಲ್ಲಿದ್ದ ಮೈಕ್ರೋಮೀಟರು ಒರೆಸಿ ಪೆಟ್ಟಿಗೆಗೆ ಇಟ್ಟು ಹೇಳಿದರು:

"ಸಹಿ ಆದ ರಿಪೋರ್ಟು ಟೇಬಲ್ ಮೇಲೆ ಒಂದು ನಿಮಿಷ ಇರಬಾರ್ದು, ಸೀದಾ ಡಬ್ಬಕ್ಕೆ ಹಾಕ್ಬೇಕು ಅಂತ ಯಾರಣ್ಣ ಬೈದಿದ್ದು? ನಾನಾ?"

ಬೈದಿದ್ದು ನಾನೇ. ಎರಡು ಹಾಳೆಯಲ್ಲಿ ಸಹಿ ಇದ್ದದ್ದು ನನ್ನ ಹಾಳೆಗೆ ಮಾತ್ರ. ನಾಲ್ಕು, ಆರು ಅಂತ ಅಂಕಿ ಇತ್ತು, ಓಕೆ ಇತ್ತು. ಅವರು ತಪ್ಪು ಮಾಡಿರಲಿಲ್ಲ.

ಮಾರನೇ ದಿನ ಸರಿಯಾದ ರಿಪೋರ್ಟು ಹಿಡಿದುಕೊಂಡು ಫ್ಯಾಕ್ಟರಿಗೆ ಹೋದೆ. ಸ್ಟೋರಿನವನನ್ನು ಮಾತಾಡಿಸಿ ಸದ್ದಿಲ್ಲದೆ ಬದಲಾಯಿಸಿಕೊಂಡು ಬರೋಣ ಅಂತ. ಸ್ಟೋರಿನವನು ನನ್ನ ಮುಖ ನೋಡಿ, ಅದು ಮೇಲೆ ಹೋಗಿದೆ ಅಂದ. ಮೇಲೆ ಅಂದರೆ ಮಾಲೀಕರ ರೂಮು. ಅವನು ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ. ಹತ್ತು ನಿಮಿಷಕ್ಕೆ ನನ್ನನ್ನೂ ಮೇಲೆ ಕರೆದರು.

ಆ ಫ್ಯಾಕ್ಟರಿಗೆ ಬುಷ್ಷು ಕೊಟ್ಟ ಹದಿನಾಲ್ಕು ವರ್ಷದಲ್ಲಿ ಆ ರೂಮಿನಲ್ಲಿ ನಾನು ಕೂತದ್ದಿಲ್ಲ. ಅವತ್ತು ಕುರ್ಚಿ ತೋರಿಸಿದರು, ಕಾಫಿ ತರಿಸಿದರು. ಕಾಫಿ ಬಂದ ಕೂಡಲೇ ನನಗೆ ಭಯ ಜಾಸ್ತಿಯಾಯಿತು. ಬೈದಿದ್ದರೆ ವಾಸಿ ಇತ್ತು, ಬೈಗುಳಕ್ಕೆ ಒಂದು ಅಳತೆ ಇರುತ್ತೆ. ಹಾಳೆ ಅವರ ಮುಂದೆ ಇತ್ತು, ಎಣ್ಣೆಯ ಬೆರಳಚ್ಚು ಸಮೇತ.

"ನೀವೇ ಬರೆದಿದ್ದಾ?"

"ಸಹಿ ನಂದೇ ಸಾರ್."

ಸರ್ವೆಗೆ ಅಂತ ಅವರ ಭಾವ, ಅಂದರೆ ಶಾಸಕರು, ದೊಡ್ಡ ಕಂಪನಿಯವರನ್ನು ಕರೆಸಿದ್ದರಂತೆ. ಅವರು ತಂದ ಕಟ್ಟು ಕಟ್ಟು ಕಾಗದಕ್ಕಿಂತ ಇದೊಂದು ಹಾಳೆ ಚೆನ್ನಾಗಿದೆ ಅಂದರು. ಹೊಗಳಿಕೆ ಎಲ್ಲಿಗೆ ಹೋಗುತ್ತೆ ಅಂತ ಕಾಯುತ್ತಿದ್ದೆ. ಹೋಯಿತು. ಇದನ್ನು ಹೀಗೇ ಅಚ್ಚು ಹಾಕಿಸಿ ಮನೆ ಮನೆಗೂ ಹಂಚಬೇಕು ಅಂತ ಅವರ ಯೋಚನೆ. ಪೀಣ್ಯದ ಒಬ್ಬ ದುಡಿಯುವ ಮನುಷ್ಯ ಟೇಪು ಹಿಡಿದು ಮೂವರನ್ನೂ ಅಳೆದ, ನಮ್ಮವರನ್ನು ಪಾಸು ಮಾಡಿದ. ಕೆಳಗೆ ನನ್ನ ಸಹಿ, ನನ್ನ ಶೆಡ್ಡಿನ ಹೆಸರು.

"ನಮ್ಮೋರೇ ನಮ್ಮನ್ನ ಹೊಗಳಿದ್ರೆ ಯಾರ್ ನಂಬ್ತಾರೆ? ನೀವು ಯಾವ ಕಡೆನೂ ಅಲ್ಲ ಅಂತ ಇಡೀ ಏರಿಯಾಗೆ ಗೊತ್ತು. ಒಂದೇ ಒಂದು ಲೈನು. ಈ ನಾಲ್ಕನ್ನ ಆರು ಮಾಡಿ, ಫ್ರೆಶ್ ಆಗಿ ಒಂದು ಸಹಿ ಹಾಕಿ."

ಕಾಫಿ ಅರ್ಧ ಕುಡಿದಿದ್ದೆ, ಲೋಟ ಕೆಳಗಿಟ್ಟೆ. ನಾಳೆ ಹೇಳ್ತೀನಿ ಸಾರ್ ಅಂದೆ. ಧಾರಾಳವಾಗಿ ಯೋಚನೆ ಮಾಡಿ ಅಂದವರು, ನಾನು ಬಾಗಿಲ ಹತ್ತಿರ ಹೋದಾಗ, ಮುಂದಿನ ತಿಂಗಳಿಗೆ ಯಾರಿಗೆ ಎಷ್ಟು ಕೆಲಸ ಅನ್ನೋ ಶೆಡ್ಯೂಲೂ ಹಾಕಬೇಕು, ಬಂದಾಗ ಅದನ್ನೂ ಮಾತಾಡೋಣ ಅಂದರು. ಅದು ಬೆದರಿಕೆಯೋ, ಸುಮ್ಮನೆ ನೆನಪಾಗಿ ಹೇಳಿದ್ದೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆ ಫ್ಯಾಕ್ಟರಿ ಕೆಲಸ ನಿಂತರೆ ಒಂದು ಲೇತು ನಿಲ್ಲುತ್ತೆ, ಅದರ ಮುಂದೆ ನಿಲ್ಲುವ ಮನುಷ್ಯನನ್ನು ಮನೆಗೆ ಕಳಿಸಬೇಕು. ಅದು ಮಾತ್ರ ಸ್ಪಷ್ಟ ಇತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತಾ ಕೇಳಿಸಿಕೊಂಡಳು, ಆಮೇಲೆ ತನ್ನದೊಂದು ಸುದ್ದಿ ಬಿಚ್ಚಿದಳು. ಹಿಂದಿನ ವಾರ ಅವಳ ಮಹಿಳಾ ಸಂಘದವರನ್ನು ಮಾಜಿ ಕಡೆಯವರು ಬಸ್ಸು ಮಾಡಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದರು. ಬರುವಾಗ ಒಂದು ತಟ್ಟೆಯಲ್ಲಿ ಅರಿಶಿನದ ಅಕ್ಕಿ ಇಟ್ಟು, ಎಲ್ಲರ ಕೈಯಲ್ಲೂ ಮುಟ್ಟಿಸಿ, ನಮ್ಮ ಮನೆ ವೋಟು ಇಂಥವರಿಗೇ ಅಂತ ಆಣೆ ಮಾಡಿಸಿಕೊಂಡರಂತೆ.

"ನಮ್ಮನೆ ವೋಟಾ? ನಂದೂ ಸೇರಿಸಿ?"

"ಗುಂಪಲ್ಲಿ ಎಲ್ಲರೂ ಅಂದ್ರು, ನಾನೂ ಬಾಯಾಡಿಸ್ದೆ. ಜೋರಾಗಿ ಏನೂ ಅನ್ಲಿಲ್ಲ."

"ಅಕ್ಕಿ ಮುಟ್ಟಿದ್ಯಾ?"

"ಬೆರಳ ತುದಿ ತಗುಲಿರ್‌ಬೋದು ಅಷ್ಟೆ."

ನಗು ಬಂತು, ಸಿಟ್ಟೂ ಬಂತು. ಹದಿನೈದು ದಿನದಲ್ಲಿ ನನ್ನ ವೋಟನ್ನು ಒಬ್ಬರು ತಟ್ಟೆಯಲ್ಲಿ ತಗೊಂಡಿದ್ದರು, ಇನ್ನೊಬ್ಬರು ಹಾಳೆಯಲ್ಲಿ ತಗೊಂಡಿದ್ದರು. ಅವಳನ್ನು ಏನು ಮಾಡಲಿ ಅಂತ ಕೇಳಿದೆ. ನೀವು ಯಾವತ್ತು ನನ್ನ ಮಾತು ಕೇಳಿ ಸಹಿ ಹಾಕಿದೀರ ಅಂದಳು. ಸೊಪ್ಪು ಎತ್ತಿಟ್ಟು, ಆ ಲೇತು ನಿಂತರೆ ದೊಡ್ಡ ಮಗಳ ಕಾಲೇಜಿಗೆ ಕಷ್ಟ ಆಗುತ್ತೆ, ಅಷ್ಟು ಮಾತ್ರ ಹೇಳ್ತೀನಿ ಅಂದಳು.

ಬೆಳಿಗ್ಗೆ ಬೆಳಕು ಹರಿದ ಮೇಲೆ ಮತ್ತೆ ಅಡ್ಡರಸ್ತೆಗೆ ಹೋದೆ. ನಿಜ ಹೇಳಬೇಕೆಂದರೆ, ನಾನು ತಪ್ಪು ಅಳೆದಿರಲಿ ಅಂತ ದೇವರಲ್ಲಿ ಕೇಳಿಕೊಂಡೇ ಹೋಗಿದ್ದೆ. ಟೇಪಿನ ತುದಿಯ ಕೊಕ್ಕೆ ಸಡಿಲ ಆಗಿರಬಹುದು, ಮುರಿದ ಅಂಚು ಸವೆದಿರಬಹುದು. ಈ ಸಲ ಸ್ಟೀಲ್ ಸ್ಕೇಲು ತಗೊಂಡಿದ್ದೆ. ಆರು ಚಪ್ಪಡಿ ನೋಡಿದೆ. ಒಂದು ನಾಲ್ಕೂಕಾಲು ಇತ್ತು, ಉಳಿದವು ನಾಲ್ಕು. ಹಾಲಿನ ಪ್ಯಾಕೆಟ್ಟು ತಗೊಂಡು ಹೋಗುತ್ತಿದ್ದ ಒಬ್ಬರು, ಸಾರ್ ಚೇಂಜ್ ಮಾಡ್ತಾರಾ ಇದನ್ನ ಅಂತ ಕೇಳಿದರು. ಮಾಡಿದರೂ ಮಾಡಬಹುದು ಅಂದೆ.

ಅಲ್ಲಿಂದ ಸೀದಾ ಫ್ಯಾಕ್ಟರಿಗೆ ಹೋದೆ. ಈ ಸಲ ಕೂರಲಿಲ್ಲ.

"ಅಳತೆ ತಿದ್ದಲ್ಲ ಸಾರ್. ಬೇಕಾದ್ರೆ ಚಪ್ಪಡಿ ತಿದ್ದಿಸಿ, ಬಂದು ಅಳೆದು ಆರು ಅಂತ ಬರ್‌ಕೊಡ್ತೀನಿ. ಸಹಿನೂ ಹಾಕ್ತೀನಿ."

ಅವರು ಸಿಟ್ಟಾಗಲಿಲ್ಲ. ಇಷ್ಟಕ್ಕೆ ಯಾಕೆ ಇಷ್ಟು ದೊಡ್ಡ ವಿಷಯ ಮಾಡ್ತೀರ, ನಿಮಗೆ ಆ ಕಡೆಯಿಂದ ಏನಾದ್ರೂ ಮಾತು ಬಂದಿದೆಯಾ ಅಂತ ಮೆಲ್ಲಗೆ ಕೇಳಿದರು. ಅಂದರೆ ಅವರ ಲೆಕ್ಕದಲ್ಲಿ ತಿದ್ದಲ್ಲ ಅನ್ನುವವನು ಇನ್ನೊಬ್ಬರ ಹತ್ತಿರ ದುಡ್ಡು ತಗೊಂಡಿರಲೇಬೇಕು. ಇಲ್ಲ ಅಂದೆ. ಹಾಳೆ ವಾಪಸ್ಸು ಕೇಳಿದೆ. ಡ್ರಾಯರಿನಲ್ಲಿ ಸೇಫಾಗಿರುತ್ತೆ ಬಿಡಿ ಅಂದರು.

ಮುಂದಿನ ತಿಂಗಳು ಶೆಡ್ಯೂಲು ಅರ್ಧ ಬಂತು. ಸ್ಟೋರಿನವನು, ಪಂಪಿನ ಸೀಸನ್ ಡಲ್ಲಾಗಿದೆ ಅಣ್ಣ, ಎಲ್ಲರಿಗೂ ಹೀಗೇ ಅಂದ. ಇರಬಹುದು. ಪಕ್ಕದ ಶೆಡ್ಡಿನವನಿಗೆ ಕಡಿಮೆಯಾಗಿದೆಯಾ ಅಂತ ಕೇಳಿದೆ, ಅವನು ನನ್ನನ್ನೇ ಅನುಮಾನದಿಂದ ನೋಡಿ ಮಾತು ಬದಲಾಯಿಸಿದ.

ಈಗ ವೋಟಿನ ಮಾತು. ಹಾಳೆ ಕಳೆದುಹೋಗುವ ಮೊದಲು ನಾನು ಶಾಸಕರಿಗೆ ಅಂತ ತೀರ್ಮಾನ ಮಾಡಿದ್ದೆ. ಈಗ ಅವರಿಗೇ ಒತ್ತಿದರೆ ಹೆದರಿ ಒತ್ತಿದ ಹಾಗೆ. ಒತ್ತದಿದ್ದರೆ ಮಾಲೀಕರ ಮೇಲಿನ ಸಿಟ್ಟಿಗೆ. ಎರಡರಲ್ಲೂ ನನ್ನ ತೀರ್ಮಾನ ಎಲ್ಲಿ ಉಳಿಯಿತು? ಆ ನಾಲ್ಕನ್ನು ಆರು ಮಾಡು ಅಂತ ಹೇಳಿಸಿದ್ದು ಶಾಸಕರೋ, ಅಥವಾ ಭಾವನನ್ನು ಮೆಚ್ಚಿಸೋಕೆ ಮಾಲೀಕರೇ ಹೇಳಿದ್ದೋ, ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೂ ಇರಲಿಲ್ಲ. ವಾರಗಟ್ಟಲೆ ಲೇತಿನ ಮುಂದೆ ನಿಂತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಮಧ್ಯಾಹ್ನ ಮನಸ್ಸು ಬೇರೆ ಕಡೆ ಹೋಗಿ ಹನ್ನೆರಡು ಬುಷ್ಷು ಹಾಳು ಮಾಡಿದೆ. ಅಕ್ಕ ಅವನ್ನು ಗುಜರಿಯ ಕೆಂಪು ಟ್ರೇಗೆ ಹಾಕಿದರು.

ವೋಟಿನ ದಿನ ಶಾಲೆಯ ಆಚೆ ಬಾಮೈದ ಮೇಜು ಹಾಕಿಕೊಂಡು ಪಟ್ಟಿ ಹಿಡಿದು ಕೂತಿದ್ದ. ನಾನು ಫ್ಯಾಕ್ಟರಿಯಲ್ಲಿ ತಿದ್ದಲ್ಲ ಅಂದ ಸುದ್ದಿ ಅಷ್ಟು ಹೊತ್ತಿಗೆ ಅವನಿಗೆ ಮುಟ್ಟಿತ್ತು, ಯಾರಿಂದ ಅಂತ ಹೇಳಲಿಲ್ಲ. ಎದ್ದು ಬಂದು ಕೈ ಹಿಡಿದುಕೊಂಡ. ಕೊನೆಗೂ ನಮ್ಮ ಕಡೆ ಬಂದ್ರಲ್ಲ ಭಾವ ಅಂದ. ಅವನ ಪಟ್ಟಿಯಲ್ಲಿ ನಮ್ಮ ಮನೆಗೆ ಟಿಕ್ಕು ಬಿದ್ದಿತ್ತು, ಪೆನ್ನಿನಲ್ಲಿ. ನಾನು ಕೈ ಬಿಡಿಸಿಕೊಂಡು ಸಾಲಿಗೆ ಹೋದೆ.

ಒಳಗೆ ರಟ್ಟಿನ ಮರೆಯ ಹಿಂದೆ ನಿಂತೆ. ಗೇಜಿಗೆ ಸಿಗದ ದೋಷವನ್ನು ರಿಪೋರ್ಟಿಗೆ ಬರೆಯೋ ಹಾಗಿಲ್ಲ, ಇದು ನಾನು ಶೆಡ್ಡಿನಲ್ಲಿ ಎಲ್ಲರಿಗೂ ಹೇಳೋ ಮಾತು. ಶಾಸಕರ ವಿಷಯದಲ್ಲಿ ನನ್ನ ಕೈಗೆ ಸಿಕ್ಕಿದ್ದು ಎರಡು ಕೋಣೆ, ನೀರು, ತೆಳ್ಳಗಿನ ಚಪ್ಪಡಿ. ಚಪ್ಪಡಿಯನ್ನು ಹಾಳೆಯ ಲೆಕ್ಕದಲ್ಲಿ ಮೊದಲೇ ಕಳೆದಾಗಿತ್ತು. ಉಳಿದದ್ದೆಲ್ಲ ಅನುಮಾನ. ನನ್ನ ಅನುಮಾನ ಎಷ್ಟು ಸುಲಭಕ್ಕೆ ತಪ್ಪುತ್ತೆ ಅಂತ ಅಕ್ಕನ ಮುಂದೆ ಒಂದು ಸಲ ನೋಡಿದ್ದೆ. ಶಾಸಕರ ಗುರುತಿಗೇ ಒತ್ತಿದೆ. ಬೀಪ್ ಅಂತ ಸದ್ದಾಯಿತು. ಪಕ್ಕದ ಗಾಜಿನೊಳಗೆ ಚೀಟಿ ಕಾಣಿಸಿತು. ಅದನ್ನೂ ಅನುಮಾನದಿಂದಲೇ ಓದಿದೆ, ಸರಿಯಾಗಿತ್ತು, ಕೆಳಗೆ ಬಿತ್ತು.

ಅವರು ಗೆದ್ದರು. ನನ್ನ ಒಂದು ವೋಟು ಇಲ್ಲದಿದ್ದರೂ ಗೆಲ್ಲುತ್ತಿದ್ದರು. ಫ್ಯಾಕ್ಟರಿಯಿಂದ ಆಮೇಲೆ ಶೆಡ್ಯೂಲು ಬರಲೇ ಇಲ್ಲ. ಮಾಲೀಕರ ಕಣ್ಣಿನಲ್ಲಿ ನಾನು ಮಾಜಿ ಕಡೆಯವನು. ಬಾಮೈದನೂ ಹಾಗೇ ನಂಬಿ ಖುಷಿಯಾಗಿದ್ದಾನೆ. ಹೆಂಡತಿ ಒಂದು ಸಲ, ಅಕ್ಕಿಯ ಆಣೆ ಉಳಿಸಿದ್ರಾ ಅಂತ ಕೇಳಿದಳು. ಯಾರಿಗೆ ಒತ್ತಿದೆ ಅಂತ ಅವಳಿಗೂ ಹೇಳಿಲ್ಲ. ಹೆಸರಿಲ್ಲದೆ ಬರೆಯುವುದರಿಂದ ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

ಒಂದು ಮಾತ್ರ ಈಗಲೂ ಚುಚ್ಚುತ್ತೆ. ಆವತ್ತು ಆ ಬಟನ್ನು ಒತ್ತಿದ್ದು ಅಳತೆ ನೋಡಿಯೇ ಅಂತ ಮೇಲೆ ಬರೆದೆ. ಆದರೆ ಒಳಗೆಲ್ಲೋ, ಅವರು ಗೆದ್ದರೆ, ನಾನು ಹಾಕಿದ್ದು ಅವರಿಗೇ ಅಂತ ಹೇಗೋ ಮಾಲೀಕರಿಗೆ ತಿಳಿದು ಕೆಲಸ ವಾಪಸ್ಸು ಬಂದೀತು ಅನ್ನೋ ಆಸೆ ಇತ್ತೋ ಏನೋ. ಎಷ್ಟೋ ಸಲ ನನ್ನನ್ನೇ ಹಿಡಿದು ಕೇಳಿದ್ದೇನೆ. ಇಲ್ಲ ಅನ್ನುತ್ತೇನೆ. ನಾನು ಅನ್ನೋದನ್ನು ನಾನು ಪೂರ್ತಿ ನಂಬಲ್ಲ.

ಒಂದು ಲೇತು ಮಾರಿದೆ. ಅದರ ಮುಂದೆ ನಿಲ್ಲುತ್ತಿದ್ದವನಿಗೆ ದಾಬಸ್‌ಪೇಟೆ ಕಡೆ ನಾನೇ ಕೆಲಸ ನೋಡಿ ಕೊಟ್ಟೆ. ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಮೂರು ಸಣ್ಣ ಗಿರಾಕಿಗಳು, ಕೆಲಸಕ್ಕೆ ಇಬ್ಬರು, ಕಾಲೇಜಿಗೆ ಹೋಗುವ ಮಗಳೊಬ್ಬಳು, ಹೈಸ್ಕೂಲಿನಲ್ಲಿ ಇನ್ನೊಬ್ಬಳು, ಹೆಂಡತಿ, ಹಳೇ ಊರಿನಲ್ಲಿ ಎರಡು ಕೋಣೆಯ ಮನೆ.